ಕೈಪಿಡಿ 50 ಅನ್ನುತ್ತದೆ, ಪರದೆ 200 ಅನ್ನುತ್ತದೆ

ಪ್ರಶ್ನೆ: ನಾನು ಕುಮಟಾದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಲಿನಕ್ಸ್ ತರಗತಿಗೆ ನಮ್ಮಲ್ಲಿ ವಿಮ್ ಎಡಿಟರ್ (ಕೀಬೋರ್ಡಿನಿಂದಲೇ ಪಠ್ಯ ಬರೆದು ತಿದ್ದುವ ಪ್ರೋಗ್ರಾಮ್) ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಇದೆ, ಸುಮಾರು ಅರವತ್ತು ಪುಟ. ಎಷ್ಟೋ ವರ್ಷದ ಹಿಂದೆ ಯಾರೋ ವಿಮ್ ಜೊತೆ ಬರುವ ಇಂಗ್ಲಿಷ್ ಹೆಲ್ಪ್ ನೋಡಿಕೊಂಡು ಬರೆದದ್ದು. ಆಮೇಲೆ ಜೆರಾಕ್ಸ್ ಮೇಲೆ ಜೆರಾಕ್ಸ್ ಆಗುತ್ತಾ ಬಂದಿದೆ. ಈ ವರ್ಷ ಅದನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂತು. ಕಮಾಂಡ್ ಹಿಸ್ಟರಿ (ಹಿಂದೆ ಕೊಟ್ಟ ಎಷ್ಟು ಕಮಾಂಡ್ ನೆನಪಿಡುತ್ತದೆ ಅನ್ನುವ ಲೆಕ್ಕ) 50 ಅಂತ ಅದರಲ್ಲಿದೆ, ನನ್ನ ಕಂಪ್ಯೂಟರಿನಲ್ಲಿ 200 ತೋರಿಸುತ್ತದೆ, ಪಕ್ಕದ ಕಂಪ್ಯೂಟರಿನಲ್ಲಿ 50 ತೋರಿಸುತ್ತದೆ. ಕೆಲವು ಕಮಾಂಡ್ ಕೆಲಸವೇ ಮಾಡುವುದಿಲ್ಲ ಅಂತ ಹುಡುಗರು ಹೇಳುತ್ತಾರೆ. ಕೊನೆಯ ಪುಟದಲ್ಲಿ ಉಗಾಂಡದ ಮಕ್ಕಳ ಬಗ್ಗೆ ಒಂದು ಸಾಲಿದೆ, ಅದು ಎಲ್ಲಿಂದ ಬಂತೋ ತಿಳಿಯದು, ತೆಗೆಯಬೇಕು ಅಂತಿದ್ದೇನೆ. ತಪ್ಪುಗಳನ್ನು ಹುಡುಕುವ ಕ್ರಮ ಏನು ಸರ್? ಇಂಗ್ಲಿಷ್ ಹೆಲ್ಪ್‌ನಲ್ಲೇ ತಪ್ಪು ಸಿಕ್ಕಿದರೆ ನಮ್ಮಂಥವರು ತಿದ್ದಿಸಬಹುದಾ? ಲ್ಯಾಬಿನಲ್ಲಿ ಉಬುಂಟು 22.04, ವಿಮ್ 8.2 ಇದೆ.

ಉತ್ತರ: ನೀವು ಕಳಿಸಿದ ಪುಟಗಳ ಫೋಟೋ ನೋಡಿದೆ. ಮೊದಲು 50 ಮತ್ತು 200ರ ಜಗಳ ಮುಗಿಸೋಣ. ಉಳಿದ ಕೆಲಸ ಹೇಗೆ ಮಾಡಬೇಕು ಅನ್ನುವುದು ಅರ್ಧ ಅದರಲ್ಲೇ ಸಿಗುತ್ತದೆ. (ಕಮಾಂಡುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಒತ್ತುವಾಗ ಇಂಗ್ಲಿಷ್ ಅಕ್ಷರವೇ.)

ನಿಮ್ಮ ಕಂಪ್ಯೂಟರಿನಲ್ಲಿ ವಿಮ್ ತೆರೆದು, ಕೋಲನ್ ಒತ್ತಿ, 'ವರ್ಬೋಸ್ ಸೆಟ್ ಹಿಸ್ಟರಿ' ಅಂತ ಬರೆದು, ಕೊನೆಗೊಂದು ಪ್ರಶ್ನೆಚಿಹ್ನೆ ಅಂಟಿಸಿ ಎಂಟರ್ ಒತ್ತಿ. ಸಂಖ್ಯೆಯ ಜೊತೆಗೆ, ಆ ಸಂಖ್ಯೆಯನ್ನು ಯಾವ ಫೈಲ್ ಇಟ್ಟಿತು ಅನ್ನುವುದೂ ಬರುತ್ತದೆ. ನಿಮ್ಮಲ್ಲಿ 'ಡಿಫಾಲ್ಟ್ಸ್ ಡಾಟ್ ವಿಮ್' ಅನ್ನುವ ಹೆಸರು ಕಾಣಬೇಕು. 2016ರಲ್ಲಿ ವಿಮ್ 8.0 ಬಂದಾಗ ಜೊತೆಗೆ ಬಂದ ಫೈಲ್ ಇದು. ಬಳಸುವವರು ತಮ್ಮದೇ ಸೆಟ್ಟಿಂಗ್ ಫೈಲ್, ಅಂದರೆ ವಿಮ್‌ಆರ್‌ಸಿ, ಮಾಡಿಕೊಂಡಿಲ್ಲದಿದ್ದರೆ ವಿಮ್ ತಾನಾಗಿಯೇ ಇದನ್ನು ಓದಿಕೊಳ್ಳುತ್ತದೆ. ಅದರೊಳಗೆ ಹಿಸ್ಟರಿ 200 ಅಂತ ಬರೆದಿದೆ. ವಿಮ್‌ಆರ್‌ಸಿ ಇದ್ದರೆ ಇದನ್ನು ಓದುವುದಿಲ್ಲ. ವಿಮ್‌ಆರ್‌ಸಿ ಪೂರ್ತಿ ಖಾಲಿ ಇದ್ದರೂ ಅಷ್ಟೇ. ಆಗ 50 ಉಳಿಯುತ್ತದೆ. ಪಕ್ಕದ ಕಂಪ್ಯೂಟರಿನಲ್ಲಿ ಯಾರೋ ಎಂದೋ ವಿಮ್‌ಆರ್‌ಸಿ ಮಾಡಿಟ್ಟು ಮರೆತಿದ್ದಾರೆ. ಹೋಮ್ ಫೋಲ್ಡರ್‌ನಲ್ಲಿ ಚುಕ್ಕೆಯಿಂದ ಶುರುವಾಗುವ ಹೆಸರು ಹುಡುಕಿ, ಸಿಗುತ್ತದೆ.

ಇನ್ನೂ ಒಂದು ತಮಾಷೆ ಮಾಡಿ ನೋಡಿ. ಟರ್ಮಿನಲ್‌ನಲ್ಲಿ (ಕಮಾಂಡ್ ಬರೆಯುವ ಕಿಟಕಿ) ವಿಮ್, ಮೈನಸ್ ಯು, ಆಮೇಲೆ ದೊಡ್ಡ ಅಕ್ಷರದಲ್ಲಿ ನನ್ (ಎನ್, ಒ, ಎನ್, ಇ) ಅಂತ ಬರೆದು ತೆರೆಯಿರಿ. ಯಾವ ಸೆಟ್ಟಿಂಗ್ ಫೈಲನ್ನೂ ಓದಬೇಡ ಅಂತ ಇದರ ಅರ್ಥ. ಈಗ ಹಿಸ್ಟರಿ ಕೇಳಿದರೆ 0 ಬರುತ್ತದೆ! ಮೈನಸ್ ಯು ಕೊಟ್ಟ ಕೂಡಲೇ ವಿಮ್ ತನ್ನ ಅಜ್ಜ ವಿ ಎಡಿಟರ್‌ನ ಹಾಗೆ ನಡೆದುಕೊಳ್ಳಲು ಶುರು ಮಾಡುತ್ತದೆ. ವಿ ಎಡಿಟರ್‌ಗೆ ಹಿಸ್ಟರಿ ಅನ್ನುವುದೇ ಇರಲಿಲ್ಲ. ಅದೇ ಸಾಲಿಗೆ ಮೈನಸ್ ದೊಡ್ಡ ಎನ್ ಸೇರಿಸಿ ತೆರೆದರೆ ಮತ್ತೆ 50.

ಒಂದೇ ಕಂಪ್ಯೂಟರಿನಲ್ಲಿ 0, 50, 200. ಮೂರೂ ಸರಿ. ನಮ್ಮ ಮನೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಲೆಕ್ಕ ಬರೆದಿಟ್ಟ ಒಂದು ಹಳೆಯ ನೋಟುಬುಕ್ ಇದೆ. ಉಪ್ಪು ಇಷ್ಟು ಸೇರು ಅಂತ ಅಜ್ಜಿ ಬರೆದಿದ್ದಾರೆ. ಒಂದು ವರ್ಷ ಅದನ್ನು ಕಿಲೋ ಲೆಕ್ಕದಲ್ಲಿ ಓದಿ ಹಾಕಿದೆವು. ಆ ವರ್ಷದ ಮಿಡಿ ಬಾಯಿಗಿಡಲು ಆಗಲಿಲ್ಲ. ನೋಟುಬುಕ್ಕಿನಲ್ಲಿ ತಪ್ಪಿರಲಿಲ್ಲ, ಯಾವ ಸೇರು ಅಂತ ಅಜ್ಜಿ ಬರೆದಿರಲಿಲ್ಲ ಅಷ್ಟೆ.

ಹಾಗಾಗಿ 50 ಹೊಡೆದು 200 ಬರೆಯಬೇಡಿ. ಬರೆದರೆ ಮುಂದಿನ ವರ್ಷ ಇನ್ನೊಬ್ಬರು 200 ಹೊಡೆದು 50 ಬರೆಯುತ್ತಾರೆ. 'ನಿಮ್ಮದೇ ವಿಮ್‌ಆರ್‌ಸಿ ಇಲ್ಲದಿದ್ದರೆ 200, ಇದ್ದರೆ 50' ಅಂತ ಒಂದು ಸಾಲು ಹಾಕಿ. ಕೈಪಿಡಿಯ ಮೊದಲ ಪುಟದಲ್ಲಿ 'ಉಬುಂಟು 22.04, ವಿಮ್ 8.2ರಲ್ಲಿ ಮಾಡಿ ನೋಡಿದ್ದು' ಅಂತಲೂ ಬರೆಯಿರಿ. ಈ ಒಂದು ಸಾಲು ಈಗಿನ ಕೈಪಿಡಿಯಲ್ಲಿ ಎಲ್ಲೂ ಇಲ್ಲ. ನನಗೆ ಅದೇ ದೊಡ್ಡ ತಪ್ಪಾಗಿ ಕಂಡಿತು.

ಇದೇ ಜಾತಿಯ ಇನ್ನೊಂದು ದೂರು ನಿಮ್ಮ ಹುಡುಗರಿಂದ ಬಂದೇ ಬರುತ್ತದೆ: 'ಬಾಣದ ಕೀ ಒತ್ತಿದರೆ ಎ, ಬಿ, ಸಿ, ಡಿ ಅಂತ ಅಕ್ಷರ ಬೀಳುತ್ತದೆ ಸರ್.' ಉಬುಂಟುವಿನಲ್ಲಿ ಪೂರ್ತಿ ವಿಮ್ ಹಾಕಿಲ್ಲದ ಕಂಪ್ಯೂಟರಿನಲ್ಲಿ ವಿ ಅಂತ ಬರೆದರೆ ತೆರೆದುಕೊಳ್ಳುವುದು 'ವಿಮ್ ಟೈನಿ' ಅನ್ನುವ ಸಣ್ಣ ಆವೃತ್ತಿ. ಅದು ಹಳೆಯ ವಿ ನಡವಳಿಕೆಯಲ್ಲಿ ನಡೆಯುತ್ತದೆ, ಅದರ ಜೊತೆ ಹೆಲ್ಪ್ ಫೈಲುಗಳೂ ಬರುವುದಿಲ್ಲ. ಕೈಪಿಡಿ ಹೇಳುವುದು ಪೂರ್ತಿ ವಿಮ್ ಬಗ್ಗೆ, ಹುಡುಗ ಕೂತಿರುವುದು ಟೈನಿಯ ಮುಂದೆ. ಲ್ಯಾಬಿನ ಎಲ್ಲ ಕಂಪ್ಯೂಟರಿಗೂ ಪೂರ್ತಿ ವಿಮ್ ಹಾಕಿಬಿಡಿ. ಹತ್ತು ದೂರು ಒಟ್ಟಿಗೆ ಹೋಗುತ್ತವೆ.

ವಿ ಮತ್ತು ವಿಮ್ ಕಲಸಿಹೋದದ್ದು ಚರಿತ್ರೆಯ ಪುಟದಲ್ಲೂ ಕಾಣುತ್ತದೆ. 'ವಿ ಎಡಿಟರನ್ನು 1991ರಲ್ಲಿ ಬ್ರಾಮ್ ಮೂಲೆನಾರ್ ಬರೆದರು' ಅಂತ ಇದೆ. ವಿ ಬರೆದದ್ದು ಬಿಲ್ ಜಾಯ್, 1976ರ ಸುಮಾರಿಗೆ. ಮೂಲೆನಾರ್ ಅಮಿಗಾ ಕಂಪ್ಯೂಟರಿಗಾಗಿ ಶುರು ಮಾಡಿ 1991ರಲ್ಲಿ ಹೊರತಂದದ್ದು ವಿಮ್. ಅದೇ ಪುಟದಲ್ಲಿ ಎಚ್, ಜೆ, ಕೆ, ಎಲ್ ಕೀಗಳಿಗೆ 'ಬೆರಳಿಗೆ ಹತ್ತಿರ ಅಂತ ಆರಿಸಿದ್ದು' ಅಂತ ಕಾರಣ ಕೊಟ್ಟಿದ್ದಾರೆ. ಜಾಯ್ ಕೆಲಸ ಮಾಡಿದ, ಪರದೆ ಮತ್ತು ಕೀಬೋರ್ಡ್ ಸೇರಿದ ಯಂತ್ರವಾದ ಎಡಿಎಂ-3ಎ ಟರ್ಮಿನಲ್‌ನಲ್ಲಿ ಬಾಣದ ಗುರುತುಗಳು ಈ ನಾಲ್ಕು ಕೀಗಳ ಮೇಲೇ ಅಚ್ಚಾಗಿದ್ದವು. ಎಸ್ಕೇಪ್ ಕೀ ಆಗ ಇವತ್ತಿನ ಟ್ಯಾಬ್ ಕೀ ಜಾಗದಲ್ಲಿತ್ತು. ಈ ಎಡಿಟರ್ ಯಾಕೆ ಇಷ್ಟು ಸಲ ಎಸ್ಕೇಪ್ ಒತ್ತಿಸುತ್ತದೆ ಅಂತ ಬೈಯುವ ಹುಡುಗರಿಗೆ ಇದನ್ನು ಹೇಳಿ, ಸ್ವಲ್ಪ ಸಿಟ್ಟು ಇಳಿಯುತ್ತದೆ.

'ಡಬ್ಲ್ಯೂ 300, ಡಬ್ಲ್ಯೂ 1200, ಡಬ್ಲ್ಯೂ 9600' ಅನ್ನುವ ಸೆಟ್ಟಿಂಗ್‌ಗಳ ಬಗ್ಗೆ ಅರ್ಧ ಪುಟ ಇದೆ. ನೀವು ಪಕ್ಕದಲ್ಲಿ ಪೆನ್ಸಿಲ್‌ನಿಂದ 'ಎರರ್ ಬರಲ್ಲ, ಆದರೆ ಏನೂ ಆಗಲ್ಲ' ಅಂತ ಬರೆದಿದ್ದೀರಿ. ಸರಿಯಾಗಿ ಗಮನಿಸಿದ್ದೀರಿ. ಇವು ಟರ್ಮಿನಲ್ ಲೈನಿನ ವೇಗಕ್ಕೆ ಸಂಬಂಧಪಟ್ಟವು. ನಿಧಾನದ ಲೈನಿದ್ದರೆ ಪರದೆಯಲ್ಲಿ ಎಂಟೇ ಸಾಲು ತೋರಿಸು, ವೇಗ ಇದ್ದರೆ ಪೂರ್ತಿ ತೋರಿಸು ಅನ್ನುವ ಕಾಲದ ಮಾತು. ವಿಮ್ ಇವನ್ನು ಕೇಳಿಸಿಕೊಂಡ ಹಾಗೆ ಮಾಡಿ ಸುಮ್ನೆ ಬಿಡುತ್ತದೆ. ಹಳೆಯ ವಿ ಸೆಟ್ಟಿಂಗ್ ಫೈಲ್ ತಂದವರಿಗೆ ಎರರ್ ಬರಬಾರದು ಅಂತ. ವಿ ಮತ್ತು ವಿಮ್ ವ್ಯತ್ಯಾಸ ಹೇಳುವ ಇಂಗ್ಲಿಷ್ ಹೆಲ್ಪ್ ಪುಟದಲ್ಲಿ ಇದನ್ನು ಒಪ್ಪಿಕೊಂಡೇ ಬರೆದಿದ್ದಾರೆ. ನಿಮ್ಮ ಕೈಪಿಡಿಯಲ್ಲಿ ಆ ಅರ್ಧ ಪುಟ ದಂಡ. ತೆಗೆದುಹಾಕಿ.

ಈಗ ಎಲ್ಲಿಂದ ಶುರು ಮಾಡುವುದು ಅನ್ನುವ ಪ್ರಶ್ನೆ. ಮೊದಲ ಪುಟದಿಂದ ಶುರು ಮಾಡಬೇಡಿ. ಯಾವ ತಪ್ಪಿನಿಂದ ಹುಡುಗರ ಕೆಲಸ ಹಾಳಾಗುತ್ತದೋ ಅದನ್ನು ಮೊದಲು ಹಿಡಿಯಿರಿ. ನಿಮ್ಮ ಕೈಪಿಡಿಯಲ್ಲಿ ಅಂಥದ್ದು ಒಂದು ಇದೆ, ನೋಡಿ ನನಗೆ ಎದೆ ಧಸಕ್ಕೆಂದಿತು. 'ಸ್ವಾಪ್ ಫೈಲ್ ಇದೆ ಅಂತ ಎಚ್ಚರಿಕೆ ಬಂದರೆ ಡಿ ಒತ್ತಿ, ಎಚ್ಚರಿಕೆ ಹೋಗುತ್ತದೆ' ಅಂತ ಬರೆದಿದ್ದಾರೆ. ಹೋಗುತ್ತದೆ, ನಿಜ. ಹುಡುಗ ಬರೆದದ್ದೂ ಹೋಗುತ್ತದೆ. ಜುಲೈ ತಿಂಗಳಲ್ಲಿ ನಮ್ಮ ಕಡೆ ಕರೆಂಟು ಎಷ್ಟು ಸಲ ಹೋಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ವಿಮ್ 200 ಅಕ್ಷರ ಒತ್ತಿದಾಗ ಒಮ್ಮೆ, ಅಥವಾ ನೀವು ಒತ್ತುವುದು ನಿಲ್ಲಿಸಿ 4 ಸೆಕೆಂಡ್ ಆದಾಗ ಒಮ್ಮೆ, ಬರೆದದ್ದನ್ನು ಸ್ವಾಪ್ ಫೈಲಿಗೆ ಇಳಿಸುತ್ತಾ ಇರುತ್ತದೆ. ಸೇವ್ ಮಾಡದೆ ಕರೆಂಟು ಹೋದರೂ ಬಹುಪಾಲು ಅಲ್ಲಿ ಉಳಿದಿರುತ್ತದೆ. ಎಚ್ಚರಿಕೆ ಬಂದಾಗ ಒತ್ತಬೇಕಾದ್ದು ಆರ್, ಅಂದರೆ ರಿಕವರ್. ಬಂದದ್ದನ್ನು ಬೇರೆ ಹೆಸರಿನಲ್ಲಿ ಸೇವ್ ಮಾಡಿ, ಹಳೆಯದರ ಜೊತೆ ಹೋಲಿಸಿ, ಸರಿ ಇದೆ ಅಂತ ಖಾತ್ರಿ ಆದ ಮೇಲೆ ಸ್ವಾಪ್ ಫೈಲ್ ಅಳಿಸಬೇಕು. ಅದೇ ಫೈಲ್ ಇನ್ನೊಂದು ಕಿಟಕಿಯಲ್ಲಿ ತೆರೆದಿದ್ದರೂ ಇದೇ ಎಚ್ಚರಿಕೆ ಬರುತ್ತದೆ. ಆಗ ಕ್ಯೂ ಒತ್ತಿ ಹೊರಬಂದು ಆ ಕಿಟಕಿಗೆ ಹೋಗಬೇಕು. ಈ ಪುಟವನ್ನು ಇವತ್ತೇ ತಿದ್ದಿ, ಬೇಕಾದರೆ ಒಂದು ಚೀಟಿಯಲ್ಲಿ ಬರೆದು ಲ್ಯಾಬಿನ ಗೋಡೆಗೆ ಅಂಟಿಸಿ. ಉಳಿದದ್ದು ಒಂದು ವಾರ ಕಾದರೂ ನಡೆಯುತ್ತದೆ.

ಇನ್ನು 'ಕೆಲಸವೇ ಮಾಡದ' ಕಮಾಂಡುಗಳು. ಇವುಗಳಲ್ಲಿ ಹೆಚ್ಚಿನವು ಇಂಗ್ಲಿಷ್‌ನಿಂದ ಕನ್ನಡಕ್ಕೆ ಬರುವ ದಾರಿಯಲ್ಲಿ ಕೆಟ್ಟವು. ಇಂಗ್ಲಿಷ್ ಕೈಪಿಡಿ ತಿದ್ದುವವರಿಗೆ ಈ ತೊಂದರೆ ಗೊತ್ತೇ ಇರುವುದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲನೆಯದು, ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಅನ್ನುವುದಿಲ್ಲ. ವಿಮ್‌ಗೆ ಅದೇ ಪ್ರಾಣ. ಕೈಪಿಡಿಯಲ್ಲಿ 'ಜಿ ಒತ್ತಿದರೆ ಫೈಲಿನ ಕೊನೆಗೆ ಹೋಗುತ್ತದೆ' ಅಂತಿದೆ. ದೊಡ್ಡ ಜಿ ಒತ್ತಿದರೆ ಕೊನೆಗೆ ಹೋಗುತ್ತದೆ. ಸಣ್ಣ ಜಿ ಒಂದನ್ನೇ ಒತ್ತಿದರೆ ಏನೂ ಆಗುವುದಿಲ್ಲ, ಇನ್ನೊಂದು ಕೀಗೆ ಕಾಯುತ್ತಾ ಕೂರುತ್ತದೆ. ಸಣ್ಣ ಜಿ ಎರಡು ಸಲ ಒತ್ತಿದರೆ ಮೊದಲ ಸಾಲಿಗೆ ಹೋಗುತ್ತದೆ, ಪೂರ್ತಿ ತಿರುಗಾಮುರುಗಾ. 'ಒ' ಕೂಡ ಹಾಗೇ: ಸಣ್ಣದು ಕೆಳಗೆ ಹೊಸ ಸಾಲು ತೆರೆಯುತ್ತದೆ, ದೊಡ್ಡದು ಮೇಲೆ. 'ಯು' ಇನ್ನೂ ಮೋಸ: ಸಣ್ಣದು ಕೊನೆಯ ಬದಲಾವಣೆಯನ್ನು ಹಿಂದೆ ತೆಗೆದುಕೊಳ್ಳುತ್ತದೆ, ದೊಡ್ಡದು ಆ ಸಾಲಿನಲ್ಲಿ ಆದ ಬದಲಾವಣೆಗಳನ್ನೆಲ್ಲ ಒಟ್ಟಿಗೆ. ಕ್ಯಾಪ್ಸ್ ಲಾಕ್ ಒತ್ತಿಹೋಗಿದ್ದರೆ ಕೆಳಗೆ ಇಳಿಯಲು ಜೆ ಒತ್ತಿದ ಹುಡುಗನಿಗೆ ಸಾಲುಗಳು ಒಂದಕ್ಕೊಂದು ಅಂಟುತ್ತಾ ಹೋಗುತ್ತವೆ. ನಿಮ್ಮ ಕೈಪಿಡಿಯಲ್ಲಿ ಒಂಟಿ ಅಕ್ಷರದ ಕಮಾಂಡ್ ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ಇಂಗ್ಲಿಷ್ ಅಕ್ಷರವನ್ನೇ ಅಚ್ಚು ಮಾಡಿ, ಪಕ್ಕದಲ್ಲಿ 'ದೊಡ್ಡ' ಅಥವಾ 'ಸಣ್ಣ' ಅಂತ ಕನ್ನಡದಲ್ಲಿ ಬರೆಯಿರಿ. ಎರಡೂ ಬೇಕು. ಜೆರಾಕ್ಸಿನ ಜೆರಾಕ್ಸಿನಲ್ಲಿ ದೊಡ್ಡ ಒ ಯಾವುದು, ಸಣ್ಣ ಒ ಯಾವುದು, ಸೊನ್ನೆ ಯಾವುದು ಅಂತ ಕಣ್ಣಿಗೆ ತಿಳಿಯುವುದಿಲ್ಲ. ಸಣ್ಣ ಎಲ್ ಮತ್ತು ಒಂದರ ಕಥೆಯೂ ಅದೇ.

ಎರಡನೆಯದು ಆವರಣಗಳು. ಇಂಗ್ಲಿಷ್ ಹೆಲ್ಪ್‌ನಲ್ಲಿ ಕರ್ಲಿ ಬ್ರಾಕೆಟ್ ಒಳಗೆ ಬರೆದದ್ದು 'ಈ ಜಾಗದಲ್ಲಿ ನೀವೊಂದು ಕೊಡಲೇಬೇಕು' ಅಂತ. ಚೌಕ ಬ್ರಾಕೆಟ್ ಒಳಗಿನದ್ದು 'ಬೇಕಾದರೆ ಕೊಡಿ' ಅಂತ. ಬ್ರಾಕೆಟ್ ಒತ್ತುವುದಲ್ಲ. ನಿಮ್ಮ ಕೈಪಿಡಿಯವರು ಒಳಗಿನ ಪದವನ್ನು 'ಚಲನೆ' ಅಂತ ಅನುವಾದ ಮಾಡಿ, ಬ್ರಾಕೆಟ್ ಹಾಗೇ ಉಳಿಸಿ, ಈ ಸಂಕೇತದ ಅರ್ಥ ಎಲ್ಲೂ ಹೇಳಿಲ್ಲ. ಹುಡುಗರು ಡಿ ಒತ್ತಿ ಕರ್ಲಿ ಬ್ರಾಕೆಟ್ ಒತ್ತಿದ್ದಾರೆ. ಗ್ರಹಚಾರ ನೋಡಿ, ತೆರೆಯುವ ಕರ್ಲಿ ಬ್ರಾಕೆಟ್ಟೇ ವಿಮ್‌ನಲ್ಲಿ ಒಂದು ಚಲನೆ: ಪ್ಯಾರಾದ ಆರಂಭಕ್ಕೆ ಹಿಂದೆ ಹೋಗುವುದು. ಹಾಗಾಗಿ ಕರ್ಸರ್‌ನಿಂದ ಹಿಂದಕ್ಕೆ ಪ್ಯಾರಾ ಪೂರ್ತಿ ಅಳಿಸಿಹೋಗಿದೆ. 'ಡಿ ಒತ್ತಿದರೆ ಮೇಲಿನದೆಲ್ಲ ಹೋಗುತ್ತದೆ' ಅಂತ ನೀವು ಬರೆದ ದೂರಿಗೆ ಉತ್ತರ ಇದೇ ಇರಬೇಕು. ಸಂಕೇತಗಳಿಗೆ ಶುರುವಿನಲ್ಲೇ ಅರ್ಧ ಪುಟ ಕೊಡಿ. ಡಬ್ಲ್ಯೂ ಸೆಟ್ಟಿಂಗ್‌ಗಳ ಅರ್ಧ ಪುಟ ಉಳಿಯಿತಲ್ಲ, ಅದನ್ನೇ.

ಮೂರನೆಯದು ಟೈಪಿಂಗ್ ಸಾಫ್ಟ್‌ವೇರ್ ಮಾಡಿದ ಉಪಕಾರ. ವರ್ಡ್‌ನಂಥ ಪ್ರೋಗ್ರಾಮಿನಲ್ಲಿ ಟೈಪ್ ಮಾಡಿದರೆ ನೇರ ಉದ್ಧರಣ ಚಿಹ್ನೆ ತಾನಾಗಿ ಬಾಗಿದ ಚಿಹ್ನೆ ಆಗುತ್ತದೆ. ಎರಡು ಮೈನಸ್ ಸೇರಿ ಒಂದು ಉದ್ದ ಗೆರೆ ಆಗುತ್ತದೆ. ಕಾಗದದ ಮೇಲೆ ಚಂದ ಕಾಣುತ್ತದೆ. ಪಿಡಿಎಫ್‌ನಿಂದ ಕಾಪಿ ಮಾಡಿ ಟರ್ಮಿನಲ್‌ಗೆ ಹಾಕಿದರೆ ಕೆಲಸ ಮಾಡುವುದಿಲ್ಲ. 'ವಿಮ್ ಮೈನಸ್ ಮೈನಸ್ ಕ್ಲೀನ್' ಅನ್ನುವ ಸಾಲು ನಿಮ್ಮಲ್ಲಿ ಹೀಗೇ ಕೆಟ್ಟಿದೆ. ವಿಮ್ ಅದನ್ನು ಫೈಲಿನ ಹೆಸರು ಅಂದುಕೊಂಡು ಹೊಸ ಖಾಲಿ ಫೈಲ್ ತೆರೆಯುತ್ತದೆ.

ಕೊನೆಗೆ ಹಳೆಯ ಕನ್ನಡ ಫಾಂಟುಗಳ ರಗಳೆ. ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಕನ್ನಡ, ಕಂಪ್ಯೂಟರಿನ ಲೆಕ್ಕದಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳೇ. ಫಾಂಟ್ ಬದಲಾದರೆ ಕನ್ನಡ ಹೋಗಿ ಕಸ ಕಾಣುತ್ತದೆ. ಅದನ್ನು ಯೂನಿಕೋಡ್‌ಗೆ ಪರಿವರ್ತಿಸುವಾಗ ಮಧ್ಯೆ ಇದ್ದ ನಿಜವಾದ ಇಂಗ್ಲಿಷ್ ಕಮಾಂಡೂ 'ಕನ್ನಡ' ಆಗಿಬಿಡುತ್ತದೆ. ನಿಮ್ಮ ಫೋಟೋಗಳಲ್ಲಿ ಒಂದು ಕಡೆ ಅರ್ಥವೇ ಇಲ್ಲದ ಒತ್ತಕ್ಷರಗಳ ಮುದ್ದೆ ಇದೆಯಲ್ಲ, ಅದು ಅಚ್ಚಿನ ದೋಷ ಇರಲಿಕ್ಕಿಲ್ಲ, ಮೊದಲು ಕಮಾಂಡ್ ಆಗಿತ್ತು. ಅಂಥ ಜಾಗದಲ್ಲಿ ಊಹೆ ಮಾಡಿ ತುಂಬಬೇಡಿ ಮಾರಾಯ್ರೆ. ಇಂಗ್ಲಿಷ್ ಹೆಲ್ಪ್ ತೆರೆದು ಆ ವಿಷಯವನ್ನೇ ಹುಡುಕಿ, ಮಾಡಿ ನೋಡಿ, ಆಮೇಲೆ ಬರೆಯಿರಿ.

ಊಹೆ ಅಂದಾಗ ನೆನಪಾಯಿತು. ದೊಡ್ಡ ಡಿ ಕರ್ಸರ್‌ನಿಂದ ಸಾಲಿನ ಕೊನೆಯವರೆಗೆ ಅಳಿಸುತ್ತದೆ. ದೊಡ್ಡ ಸಿ ಅಲ್ಲಿಯವರೆಗೆ ಬದಲಾಯಿಸುತ್ತದೆ. ಹಾಗಾದರೆ ದೊಡ್ಡ ವೈ ಅಲ್ಲಿಯವರೆಗೆ ಕಾಪಿ ಮಾಡಬೇಕು ಅಲ್ವಾ? ನಿಮ್ಮ ಕೈಪಿಡಿ ಹಾಗೇ ಹೇಳುತ್ತದೆ. ವಿಮ್ ಹಾಗೆ ಮಾಡುವುದಿಲ್ಲ, ಪೂರ್ತಿ ಸಾಲನ್ನೇ ಕಾಪಿ ಮಾಡುತ್ತದೆ. ವಿ ಹಾಗೆ ಮಾಡುತ್ತಿತ್ತು, ಅದಕ್ಕೆ. ಇನ್ನೊಂದು ರೀತಿಯೇ ಹೆಚ್ಚು ತರ್ಕಬದ್ಧ ಅಂತ ವಿಮ್‌ನ ಹೆಲ್ಪ್ ತಾನೇ ಒಪ್ಪಿಕೊಂಡು, ಹಾಗೆ ಬೇಕಾದವರು ಕೀ ಬದಲಿಸಿಕೊಳ್ಳುವ ದಾರಿಯನ್ನೂ ಹೇಳಿದೆ. ಬರೆದವರು ಆ ಸಾಲನ್ನು ಬರೆಯುವಾಗ ಕೀಬೋರ್ಡ್ ಮುಟ್ಟಿಲ್ಲ ಅಂತ ನನ್ನ ಅನುಮಾನ. ಮುಟ್ಟದೆ ಬರೆದ ಸಾಲುಗಳು ಓದಲು ತುಂಬಾ ಸಲೀಸಾಗಿರುತ್ತವೆ. ಅದಕ್ಕೇ ಅವು ಕಣ್ಣಿಗೆ ಬೀಳುವುದಿಲ್ಲ.

ಆದ್ದರಿಂದ ಓದುತ್ತಾ ತಪ್ಪು ಹುಡುಕಬೇಡಿ. ಇಬ್ಬರು ಕೂತುಕೊಳ್ಳಿ. ಒಬ್ಬರು ಕೈಪಿಡಿ ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಕೇಳಿದ್ದನ್ನಷ್ಟೇ ಒತ್ತಲಿ. ಒತ್ತುವವರಿಗೆ ವಿಮ್ ಬರದಿದ್ದರೆ ಒಳ್ಳೆಯದು, ಮೊದಲ ವರ್ಷದ ವಿದ್ಯಾರ್ಥಿ ಸಾಕು. ನಿಮಗೆ ಬರುವುದರಿಂದ ನಿಮ್ಮ ಬೆರಳು ತಪ್ಪನ್ನು ತಾನೇ ಸರಿ ಮಾಡಿಕೊಂಡು ಮುಂದೆ ಹೋಗುತ್ತದೆ. ವಿಮ್ ಅನ್ನು ಮೈನಸ್ ಮೈನಸ್ ಕ್ಲೀನ್ ಕೊಟ್ಟು ತೆರೆಯಿರಿ, ಯಾರ ವಿಮ್‌ಆರ್‌ಸಿಯೂ ನಡುವೆ ಬಾಯಿ ಹಾಕುವುದಿಲ್ಲ. ತಪ್ಪು ಸಿಕ್ಕಿದ ಕೂಡಲೇ ತಿದ್ದಲು ಹೋಗಬೇಡಿ, ಪೆನ್ಸಿಲ್ ಗುರುತು ಹಾಕಿ ಮುಂದೆ ಹೋಗಿ. ಏನು ಒತ್ತಿದಿರಿ, ಏನು ಆಗಬೇಕಿತ್ತು, ಏನು ಆಯಿತು, ಈ ಮೂರನ್ನು ಬರೆದುಕೊಳ್ಳಿ.

ಕೊನೆಗೆ ಆರಿಸಲು ಕೂತುಕೊಳ್ಳಿ. ಸಿರ್ಸಿಯಲ್ಲಿ ಅಡಿಕೆ ಆರಿಸುವುದು ನೋಡಿದ್ದೀರಲ್ಲ, ಚಾಲಿ ಬೇರೆ, ಬಿಳೆಗೋಟು ಬೇರೆ, ಕೋಕಾ ಬೇರೆ. ಕೈಪಿಡಿಯೇ ತಪ್ಪಿದ್ದು ಒಂದು ರಾಶಿ. ಕೈಪಿಡಿ ಸರಿ, ಆದರೆ ಬೇರೆ ಆವೃತ್ತಿಗೆ ಅನ್ನುವುದು ಇನ್ನೊಂದು. ಸರಿಯಾಗೇ ಬರೆದಿದೆ, ಆದರೆ ಓದಿದವರಿಗೆ ಬೇರೆ ಅರ್ಥ ಬಂತು ಅನ್ನುವುದು ಮತ್ತೊಂದು. ಈ ಮೂರನೆಯ ರಾಶಿಯನ್ನು ಜನ 'ಅದು ಓದುವವರ ತಪ್ಪು' ಅಂತ ಬದಿಗೆ ತಳ್ಳುತ್ತಾರೆ. ನಾನು ತಳ್ಳುವುದಿಲ್ಲ. ಮೂವರು ಹುಡುಗರು ಒಂದೇ ಸಾಲನ್ನು ಒಂದೇ ರೀತಿ ತಪ್ಪಾಗಿ ಓದಿದರೆ ಆ ಸಾಲನ್ನು ಬದಲಾಯಿಸಬೇಕು. ನಾಲ್ಕನೆಯದೊಂದು ರಾಶಿಯೂ ಆಗಬಹುದು, ವಿಮ್‌ನದ್ದೇ ತಪ್ಪು 'ಬಗ್' ಇರುವುದು. ಬಹಳ ಸಣ್ಣ ರಾಶಿ.

ಒಂದು ತಪ್ಪು ಸಿಕ್ಕಿದರೆ ಅದರ ಅಣ್ಣತಮ್ಮಂದಿರನ್ನೂ ಹುಡುಕಿ. ಒಂದೇ ಮಾಹಿತಿ ಮೂರು ಕಡೆ ಬಂದಿರುತ್ತದೆ, ಒಂದು ಕಡೆ ತಿದ್ದಿದರೆ ಕೈಪಿಡಿ ತನ್ನ ಜೊತೆ ತಾನೇ ಜಗಳ ಆಡುತ್ತದೆ. ಇಂಗ್ಲಿಷ್ ಹೆಲ್ಪ್‌ನಲ್ಲಿ ಇದಕ್ಕೆ 'ಹೆಲ್ಪ್‌ಗ್ರೆಪ್' ಅನ್ನುವ ಕಮಾಂಡ್ ಇದೆ, ಎಲ್ಲ ಹೆಲ್ಪ್ ಫೈಲುಗಳಲ್ಲೂ ಒಂದೇ ಸಲ ಹುಡುಕುತ್ತದೆ. ಎರಡು ಸಲ ಬಂದ ಪದ ಹಿಡಿಯಲೂ ವಿಮ್ ಸಹಾಯ ಮಾಡುತ್ತದೆ. ಹುಡುಕಾಟದಲ್ಲಿ ಒಂದು ಪದವನ್ನು ಗುಂಪಾಗಿ ಹಿಡಿದು, ಮುಂದೆ ಬ್ಯಾಕ್‌ಸ್ಲ್ಯಾಶ್ 1 ಹಾಕಿ. ಅದರ ಅರ್ಥ 'ಅದೇ ಪದ ಮತ್ತೆ' ಅಂತ. ಎರಡರ ನಡುವೆ ಬ್ಯಾಕ್‌ಸ್ಲ್ಯಾಶ್ ಅಂಡರ್‌ಸ್ಕೋರ್ ಎಸ್ ಹಾಕಿದರೆ, ಒಂದು ಸಾಲಿನ ಕೊನೆಯಲ್ಲಿ ಮತ್ತು ಮುಂದಿನ ಸಾಲಿನ ಶುರುವಿನಲ್ಲಿ ಬಂದ ಜೋಡಿಯೂ ಸಿಗುತ್ತದೆ. ಕಣ್ಣಿಗೆ ತಪ್ಪಿಸಿಕೊಳ್ಳುವುದು ಅಂಥವೇ. ಇದನ್ನು ಇಂಗ್ಲಿಷ್ ಪಠ್ಯಕ್ಕೆ ಬಳಸಿ. ಕನ್ನಡಕ್ಕೆ ಎರಡು ಕಾರಣಕ್ಕೆ ಕೈಕೊಡುತ್ತದೆ. ಪದದ ಅಕ್ಷರ ಅಂತ ಸಾಮಾನ್ಯವಾಗಿ ಬಳಸುವ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಗುರುತಿಗೆ ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಬಿಟ್ಟರೆ ಬೇರೆ ಕಾಣುವುದಿಲ್ಲ. ಜೊತೆಗೆ ನಾವು ಮತ್ತೆ ಮತ್ತೆ, ಬೇರೆ ಬೇರೆ, ಸಣ್ಣ ಸಣ್ಣ ಅಂತ ಬೇಕೆಂದೇ ಎರಡು ಸಲ ಹೇಳುವ ಜನ.

ಇಂಗ್ಲಿಷ್ ಹೆಲ್ಪ್‌ನಲ್ಲೇ ತಪ್ಪು ಸಿಕ್ಕಿದರೆ ತಿದ್ದಿಸಬಹುದಾ ಅಂತ ಕೇಳಿದಿರಿ. ಖಂಡಿತ. ಆದರೆ ನಿಮ್ಮಲ್ಲಿರುವುದು 8.2. 2024ರ ಜನವರಿಯಲ್ಲೇ 9.1 ಬಂದಿದೆ. ನಿಮಗೆ ಸಿಕ್ಕ ತಪ್ಪನ್ನು ಯಾರೋ ಆಗಲೇ ತಿದ್ದಿರಬಹುದು. ವಿಮ್‌ನ ಮೂಲ ಫೈಲುಗಳು 2015ರಿಂದ ಗಿಟ್‌ಹಬ್ ಅನ್ನುವ ಜಾಲತಾಣದಲ್ಲಿವೆ. ಮೊದಲು ಅಲ್ಲಿನ ಹೊಸ ಹೆಲ್ಪ್ ಫೈಲ್ ತೆರೆದು ಆ ಸಾಲು ಹಾಗೇ ಇದೆಯಾ ನೋಡಿ. ಹೆಲ್ಪ್‌ನ ಜೊತೆಗೇ 'ಟುಡೂ' ಅನ್ನುವ ಫೈಲ್ ಇದೆ, ಗೊತ್ತಿರುವ ದೋಷಗಳ ದೊಡ್ಡ ಪಟ್ಟಿ. ಅದರಲ್ಲೂ ಹುಡುಕಿ.

ಹೆಲ್ಪ್ ಫೈಲ್ ಬರೀ ಪಠ್ಯ. ಆದರೆ ಅದಕ್ಕೊಂದು ಶಿಸ್ತಿದೆ. ಎರಡು ನಕ್ಷತ್ರಗಳ ನಡುವೆ ಇರುವುದು ಟ್ಯಾಗ್, ಅಂದರೆ ಬಂದು ತಲುಪುವ ಜಾಗ. ಎರಡು ನಿಂತ ಗೆರೆಗಳ ನಡುವೆ ಇರುವುದು ಕೊಂಡಿ. ಕೊಂಡಿಯ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್ ಜೊತೆ ಮುಚ್ಚುವ ಚೌಕ ಬ್ರಾಕೆಟ್ ಒತ್ತಿದರೆ ಅಲ್ಲಿಗೆ ಹೋಗುತ್ತದೆ, ಕಂಟ್ರೋಲ್ ಟಿ ಒತ್ತಿದರೆ ವಾಪಸು. ಟ್ಯಾಗ್ ಇಲ್ಲದ ಕೊಂಡಿ ಸಿಕ್ಕಿದರೆ ಅದು ನಿಜವಾದ ತಪ್ಪು. ಒಂದೇ ಟ್ಯಾಗ್ ಎರಡು ಕಡೆ ಇದ್ದರೆ 'ಹೆಲ್ಪ್‌ಟ್ಯಾಗ್ಸ್' ಕಮಾಂಡ್ ಕೊಟ್ಟಾಗ ಇ154 ಅನ್ನುವ ಎರರ್ ಬಂದು ಸಿಕ್ಕಿಬೀಳುತ್ತದೆ. ಸಾಲಿನ ಅಗಲ 78 ಅಕ್ಷರ, ಟ್ಯಾಬ್ ಅಂದರೆ 8. ಇವೆಲ್ಲ ಫೈಲಿನ ಕೊನೆಯ ಸಾಲಿನಲ್ಲಿ ವಿಮ್‌ಗೆ ಅರ್ಥವಾಗುವ ಹಾಗೆ ಬರೆದಿರುತ್ತವೆ. ಆ ಸಾಲನ್ನು ಕಸ ಅಂತ ಅಳಿಸಬೇಡಿ. ಮೊದಲ ಸಾಲಿನಲ್ಲಿ ಯಾವ ಆವೃತ್ತಿಗೆ, ಕೊನೆಯ ಬದಲಾವಣೆ ಯಾವಾಗ ಅಂತ ಇರುತ್ತದೆ.

ಇಲ್ಲಿ ನನ್ನ ಸ್ವಂತ ಪೆದ್ದುತನ ಹೇಳಿಬಿಡುತ್ತೇನೆ. ಬಹಳ ವರ್ಷಗಳ ಹಿಂದೆ ಒಂದು ಹಳೆಯ ಪ್ರೋಗ್ರಾಮಿನ ಕೈಪಿಡಿಯಲ್ಲಿ ಎರಡು ಸಲ ಬಂದ ಒಂದು ಪದ ಸಿಕ್ಕಿತು. ಖುಷಿಯಿಂದ ಒಂದನ್ನು ಅಳಿಸಿ, ಡಿಫ್ (ಹಳೆಯ ಫೈಲಿಗೂ ಹೊಸದಕ್ಕೂ ಇರುವ ವ್ಯತ್ಯಾಸದ ಪಟ್ಟಿ) ಮಾಡಿ, ಕಳಿಸಿದೆ. ನನ್ನ ಎಡಿಟರ್‌ನಲ್ಲಿ ಸೇವ್ ಮಾಡುವಾಗ ಸಾಲಿನ ಕೊನೆಯ ಸ್ಪೇಸ್ ತೆಗೆಯುವ, ಟ್ಯಾಬನ್ನು ಸ್ಪೇಸ್ ಮಾಡುವ ಸೆಟ್ಟಿಂಗ್ ಇತ್ತು, ನನಗೆ ಮರೆತೇಹೋಗಿತ್ತು. ಒಂದು ಪದದ ತಿದ್ದುಪಡಿಗೆ ನೂರಾರು ಸಾಲು ಬದಲಾಗಿತ್ತು. ಆ ಪ್ರೋಗ್ರಾಮ್ ನೋಡಿಕೊಳ್ಳುವವರು ಒಂದೇ ಪ್ರಶ್ನೆ ಕೇಳಿದರು: 'ಇದರಲ್ಲಿ ನೀವು ತಿದ್ದಿದ್ದು ಯಾವುದು?' ಬೈದಿದ್ದರೆ ಅಷ್ಟು ನಾಚಿಕೆ ಆಗುತ್ತಿರಲಿಲ್ಲ. ಈಗ ಕಳಿಸುವ ಮೊದಲು ಡಿಫ್ ಅನ್ನು ನಾನೇ ಒಮ್ಮೆ ಓದುತ್ತೇನೆ. ಒಂದು ತಿದ್ದುಪಡಿಗೆ ಒಂದೇ ಡಿಫ್. ಜೊತೆಗೆ ಎರಡು ಸಾಲು ಸರಳ ಇಂಗ್ಲಿಷ್: ಯಾವ ಆವೃತ್ತಿಯಲ್ಲಿ, ಹೇಗೆ ತೆರೆದು, ಏನು ಒತ್ತಿದಾಗ, ಹೆಲ್ಪ್ ಹೇಳಿದ್ದಕ್ಕಿಂತ ಬೇರೆ ಏನಾಯಿತು. ಇಂಗ್ಲಿಷ್ ಚೆನ್ನಾಗಿಲ್ಲ ಅಂತ ಹಿಂಜರಿಯಬೇಡಿ. ಪೆನ್ಸಿಲ್‌ನಿಂದ ಬರೆದ ನಿಮ್ಮ ಟಿಪ್ಪಣಿಗಳು ಅಂಥದ್ದೇ ಇವೆ, ಅವನ್ನೇ ಇಂಗ್ಲಿಷ್ ಮಾಡಿದರೆ ಸಾಕು.

ಇನ್ನು ಉಗಾಂಡ. ಅದು ತಪ್ಪಿ ಸೇರಿದ ಸಾಲಲ್ಲ. ನಿಮ್ಮ ಲ್ಯಾಬಿನಲ್ಲಿ ಫೈಲಿನ ಹೆಸರು ಕೊಡದೆ ಬರೀ ವಿಮ್ ತೆರೆಯಿರಿ. ಸ್ವಾಗತದ ಪರದೆಯಲ್ಲೇ ಉಗಾಂಡದ ಬಡ ಮಕ್ಕಳಿಗೆ ನೆರವಾಗಿ ಅನ್ನುವ ಮಾತು ಕಾಣಬಹುದು. ಮೂಲೆನಾರ್ 1994ರಲ್ಲಿ ದಕ್ಷಿಣ ಉಗಾಂಡದ ಕಿಬಾಲೆ ಅನ್ನುವ ಸಣ್ಣ ಊರಿನ ಮಕ್ಕಳ ಕೇಂದ್ರದಲ್ಲಿ ಸ್ವಯಂಸೇವಕರಾಗಿ ಕೆಲಸ ಮಾಡಿದ್ದರು, ನೀರು ಮತ್ತು ನೈರ್ಮಲ್ಯದ ಕೆಲಸ. ಆ ಪ್ರದೇಶದಲ್ಲಿ ಏಡ್ಸ್‌ನಿಂದ ತಂದೆತಾಯಿ ಕಳೆದುಕೊಂಡ ಮಕ್ಕಳು ಬಹಳ ಇದ್ದರು. ವಿಮ್ ಉಚಿತ, ಆದರೆ ಇಷ್ಟವಾದರೆ ಅಲ್ಲಿಗೆ ಏನಾದರೂ ಕೊಡಿ ಅಂತ ಅವರು ಕೇಳಿಕೊಂಡರು. ಕೋಲನ್ ಒತ್ತಿ 'ಹೆಲ್ಪ್ ಉಗಾಂಡ' ಅಂದರೆ ಆ ಪುಟ ಬರುತ್ತದೆ. ವಿಮ್‌ನ ಲೈಸೆನ್ಸ್ ಇರುವುದೂ ಅದೇ ಪುಟದಲ್ಲಿ. ಮೂಲೆನಾರ್ 2023ರ ಆಗಸ್ಟ್ 3ರಂದು ತೀರಿಕೊಂಡರು. ಮರುವರ್ಷ ಬಂದ 9.1 ಆವೃತ್ತಿಯನ್ನು ಅವರಿಗೇ ಅರ್ಪಿಸಿದ್ದಾರೆ. ಆ ಸಾಲು ಇರಲಿ. ಕೈಪಿಡಿಯಲ್ಲಿ ಊರಿನ ಹೆಸರು 'ಕಂಪಾಲಾ' ಅಂತ ಬಿದ್ದಿದೆ, ಅದನ್ನು 'ಕಿಬಾಲೆ' ಮಾಡಿ.